ಡಬ್ಬಿ ತೊಳೆಯುವ ವಾರ

ಮಹಾನವಮಿ ಹತ್ತಿರ ಬಂತೆಂದರೆ ಎಂಟು ದಿನ ನಮ್ಮ ಮನೆಗೆ ಅಂಗಡಿಯಿಂದ ಒಂದು ಹಿಡಿ ಕಾಳೂ ಬರುವಂತಿರಲಿಲ್ಲ. ಅದು ಅತ್ತೆಯ ಕಟ್ಟಳೆ. ಹಬ್ಬಕ್ಕೆ ಮುಂಚೆ ಹಾಸಿಗೆ, ಹೊದಿಕೆ, ಪಾತ್ರೆ ಎಲ್ಲ ತೊಳೆಯುವುದು ಊರಿಗೆಲ್ಲ ಇರುವ ರೂಢಿ. ನಮ್ಮಲ್ಲಿ ಅಡುಗೆಮನೆಯ ಒಂದೊಂದು ಡಬ್ಬಿಯೂ ತೊಳೆದು ಬಿಸಿಲಿಗೆ ಬೋರಲು ಬೀಳಬೇಕು. ತೊಳೆಯಬೇಕೆಂದರೆ ಡಬ್ಬಿ ಖಾಲಿಯಾಗಬೇಕು. ಖಾಲಿಯಾಗಬೇಕೆಂದರೆ ತಳದಲ್ಲಿ ಉಳಿದದ್ದನ್ನೆಲ್ಲ ಬೇಯಿಸಿ ತಿನ್ನಬೇಕು. ಚೆಲ್ಲುವ ಮಾತೇ ಇಲ್ಲ. ಚೆಲ್ಲಿದರೆ ಅತ್ತೆ ತಾನೇ ನೆಲಕ್ಕೆ ಕೂತು ಒಂದೊಂದೇ ಕಾಳು ಆರಿಸುತ್ತಿದ್ದಳು. ಅದನ್ನು ನೋಡುತ್ತ ನಿಲ್ಲುವುದಕ್ಕಿಂತ ಏಟು ತಿನ್ನುವುದು ಸುಲಭ.

ಏಟಿನ ವಿಷಯ ನನಗೆ ಚೆನ್ನಾಗಿ ಗೊತ್ತು. ಇಂಗಳೇಶ್ವರದಿಂದ ಝಳಕಿಗೆ ಸೊಸೆಯಾಗಿ ಬಂದ ಮೂರನೇ ವಾರ ಮೊದಲ ಏಟು ಬಿತ್ತು. ಕಾರಣ, ಬೇಳೆಗೆ ಹುಳಿ ಜಾಸ್ತಿಯಾಗಿತ್ತು. ಎರಡನೇ ಏಟಿಗೆ ಕಾರಣ, ಹುಳಿ ಕಡಿಮೆಯಾಗಿತ್ತು. ಮೂರನೆಯದರ ಹೊತ್ತಿಗೆ ಇದು ಹುಳಿಯ ಪ್ರಶ್ನೆಯಲ್ಲ ಎಂದು ನನಗೆ ತಿಳಿಯಿತು. ಗಂಡನದು ಹೆದ್ದಾರಿಯ ಬದಿಗೆ ಟೈರ್ ಪಂಕ್ಚರ್ ಅಂಗಡಿ. ಲಾರಿ ಡ್ರೈವರುಗಳ ಬೈಗುಳಕ್ಕೆಲ್ಲ ಹಲ್ಲು ಕಚ್ಚಿಕೊಂಡು ‘ಹೌದ್ರಿ ಅಣ್ಣಾರ’ ಅನ್ನುತ್ತಿದ್ದ. ಕಚ್ಚಿಕೊಂಡ ಹಲ್ಲನ್ನು ಮಧ್ಯಾಹ್ನ ಊಟಕ್ಕೆ ಮನೆಗೆ ತರುತ್ತಿದ್ದ. ಗಂಡನ ಬಗ್ಗೆ ಬರೆಯುವಾಗ ‘ಅವರು’ ಅನ್ನಬೇಕಂತೆ. ಎದುರಿಗೆ ನಾನು ಇವತ್ತಿಗೂ ರೀ ಹಚ್ಚಿಯೇ ಮಾತಾಡುತ್ತೇನೆ. ಕಾಗದದ ಮೇಲೆ ‘ಅವನು’ ಅನ್ನುವಷ್ಟು ಹಕ್ಕನ್ನು ಮೈಮೇಲಿನ ಗಾಯಗಳಿಂದ ಸಂಪಾದಿಸಿದ್ದೇನೆ.

ಅವನು ಕೈಯಿಂದ ಹೊಡೆಯುವುದು ಕಡಿಮೆ. ಅವನ ಆಯುಧ ಗಂಗಾಳ, ಅಂದರೆ ನಾವು ಉಣ್ಣುವ ಎತ್ತರ ಅಂಚಿನ ಊಟದ ತಟ್ಟೆ. ಊಟ ಹಿಡಿಸದಿದ್ದರೆ ಅನ್ನ, ಪಲ್ಯ, ಖಾರ ಸಮೇತ ಅದು ಗಾಳಿಯಲ್ಲಿ ಬರುತ್ತಿತ್ತು. ಅಂಚು ತಗುಲಿದರೆ ಚರ್ಮ ಸೀಳುತ್ತದೆ, ತಳ ತಗುಲಿದರೆ ಬಾಯುತ್ತದೆ. ಎಡಕ್ಕೆ ಬಾಗಿದರೆ ತಳ, ಬಲಕ್ಕೆ ಬಾಗಿದರೆ ಅಂಚು. ಮದುವೆಯಾಗಿ ಆರು ವರ್ಷಕ್ಕೆ ನಾನು ಎಡಕ್ಕೆ ಬಾಗುವುದರಲ್ಲಿ ಪಳಗಿದ್ದೆ. ಆಮೇಲೆ ಗೋಡೆಗೆ ಮೆತ್ತಿದ ಬೇಳೆಯನ್ನು ಒರೆಸುವವಳೂ ನಾನೇ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಡಬ್ಬಿ ತೊಳೆಯುವ ವಾರ ಬಂತೆಂದರೆ ನನಗೆ ಒಳಗೊಳಗೇ ಖುಷಿ. ಇದ್ದುದರಲ್ಲಿ ಊಟ ಹೊಂದಿಸುವ ಜಿದ್ದು ನನಗೆ ತವರಿನಿಂದ ಬಂದದ್ದು. ಒಂದು ವರ್ಷದ ಆ ವಾರ ಹೇಗೆ ನಡೆಯಿತೆಂದು ಹೇಳುತ್ತೇನೆ, ಏಕೆಂದರೆ ಆ ವರ್ಷವೇ ಎಲ್ಲ ಆದದ್ದು.

ಮೊದಲ ದಿನ ಜೋಳದ ನುಚ್ಚು ಎರಡು ಮುಷ್ಟಿ, ಅಕ್ಕಿಯ ನುಚ್ಚು ಒಂದು ಮುಷ್ಟಿ ಸಿಕ್ಕಿತು. ಒಂದು ಡಬ್ಬಿಯ ಮೂಲೆಯಲ್ಲಿ ಹೆಸರುಬೇಳೆ ಬೆರಳಿಗೆ ಅಂಟುವಷ್ಟಿತ್ತು. ಮೂರನ್ನೂ ಕೂಡಿಸಿ ಮೆತ್ತಗೆ ಬೇಯಿಸಿ, ಮಜ್ಜಿಗೆ ಸುರಿದು, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ಎರಡನೇ ದಿನ ಝುಣಕ ಮಾಡಲು ಹೋದರೆ ಕಡಲೆಹಿಟ್ಟು ಸಾಲದು. ಅದಕ್ಕೆ ಜೋಳದ ಹಿಟ್ಟು ಸೇರಿಸಿದೆ, ಶೇಂಗಾ ಚಟ್ನಿಪುಡಿಯ ಡಬ್ಬಿಗೆ ಬಿಸಿನೀರು ಹಾಕಿ ಅಲ್ಲಾಡಿಸಿ ಆ ನೀರಿನಲ್ಲೇ ಹಿಟ್ಟು ಕಲಸಿದೆ. ಡಬ್ಬಿಯೂ ತೊಳೆದಂತಾಯಿತು, ಝುಣಕಕ್ಕೆ ಖಾರವೂ ಬಂತು. ಮೂರನೇ ದಿನ ಬುಟ್ಟಿಯಲ್ಲಿ ಉಳಿದ ಕಟಕ ರೊಟ್ಟಿಯ ಚೂರುಗಳು. ಒಣಗಿ ಹಪ್ಪಳದಂತಾದ ಜೋಳದ ರೊಟ್ಟಿಯನ್ನು ಪುಡಿ ಮಾಡಿ, ನೀರು ಚಿಮುಕಿಸಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಸಾಸಿವೆಯ ಒಗ್ಗರಣೆಯಲ್ಲಿ ಹುರಿದರೆ ಹಸಿದವರಿಗೆ ಅದಕ್ಕಿಂತ ರುಚಿ ಬೇರೆ ಇಲ್ಲ. ನಾನೂ ಅತ್ತೆಯೂ ಒಂದೇ ಬಾಣಲೆಯಿಂದ ತಿಂದೆವು. ಆಕೆ ಬೆರಳು ನೆಕ್ಕಿ, “ನಿನ್ನ ಕೈಯಾಗ ಏನೋ ಐತಿ ನೋಡ ಯವ್ವಾ” ಅಂದಳು.

ನಾಲ್ಕನೇ ದಿನ ಮಡಿಕೆ ಕಾಳು, ಹುರುಳಿ, ಅಲಸಂದೆ ಎಲ್ಲ ಕೂಡಿಸಿದ ಸಾರು. ಅಂದು ಯಾವನೋ ಲಾರಿಯವನು ಟೈರ್ ಸರಿಯಾಗಿ ಕೂರಿಸಲಿಲ್ಲವೆಂದು ನಾಲ್ಕು ಜನರ ಮುಂದೆ ಗಂಡನ ಕೊರಳಪಟ್ಟಿ ಹಿಡಿದಿದ್ದನಂತೆ. ಅದು ನನಗೆ ಆಮೇಲೆ ಗೊತ್ತಾದದ್ದು. ಅವನು ಸಾರಿಗೆ ಕೈ ಹಾಕಿ ಕಾಳುಗಳನ್ನು ಎತ್ತಿ ನೋಡಿದ.

“ನಾಲ್ಕ ದಿನದಿಂದ ಡಬ್ಬಿ ತಳ ಕೆರದು ಹಾಕಾಕತ್ತಿ. ನಾ ಏನ ನಾಯಿ ಏನ?”

“ಹೊಡಿಬ್ಯಾಡೋ, ಡಬ್ಬಿ ತೀರಲಿ ಅಂತ ನಾನ ಹೇಳೇನಿ” ಎಂದು ಅತ್ತೆ ಮಧ್ಯೆ ಬಂದಳು.

“ನೀ ಸುಮ್ಕಿರಬೇ” ಅಂದ. ತಾಯಿಗೆ ಅವನು ಎಂದೂ ಕೈ ಎತ್ತಿದವನಲ್ಲ. ಆ ಒಂದು ಗುಣ ಅವನಲ್ಲಿತ್ತು. ಗಂಗಾಳ ಮಾತ್ರ ಬಂತು. ನಾನು ಎಡಕ್ಕೆ ಬಾಗಿದೆ. ಅವನೂ ಆರು ವರ್ಷದಲ್ಲಿ ಕಲಿತಿದ್ದ, ಎಡಕ್ಕೇ ಎಸೆದಿದ್ದ. ಅಂಚು ಹುಬ್ಬಿನ ಮೇಲೆ ಕಚಕ್ಕೆಂದು ನಾಟಿತು. ಬಿಸಿ ಸಾರು, ರಕ್ತ, ಕಾಳು ಎಲ್ಲ ಒಟ್ಟಿಗೆ ಕಣ್ಣಿಗಿಳಿದವು. ನಾನು ನೆಲಕ್ಕೆ ಬಿದ್ದ ಮೇಲೂ ಸೊಂಟಕ್ಕೆ ಎರಡು ಒದೆ ಕೊಟ್ಟು ಹೋದ.

ಅತ್ತೆ ಅರಿಶಿನ ತಂದು ಗಾಯಕ್ಕೆ ಒತ್ತಿದಳು. ಆಕೆಯ ಕಣ್ಣುಗಳಲ್ಲಿ ಪೊರೆ ಬಂದಿತ್ತು, ಗಾಯ ಎಲ್ಲಿದೆ ಎಂದು ಬೆರಳಿನಿಂದ ಹುಡುಕುತ್ತಿದ್ದಳು. ಸಕ್ಕರೆ ಕಾಯಿಲೆ ಬೇರೆ, ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗುತ್ತಿದ್ದವು. ಆ ನಡುಗುವ ಕೈಯಲ್ಲೇ ನನ್ನ ತಲೆ ಹಿಡಿದು ಬಹಳ ಹೊತ್ತು ಕೂತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇವನು ಸತ್ತರೆ ಸಾಕು ಎಂದು ಅಂದು ಮೊದಲ ಸಲ ಸ್ಪಷ್ಟವಾಗಿ ಅಂದುಕೊಂಡೆ. ಮಾತಿಗೆ ಅಂದುಕೊಳ್ಳುವುದು ಬೇರೆ. ನಾನು ಅವನ ಹೆಣ ಅಂಗಳದಲ್ಲಿ ಮಲಗಿರುವುದನ್ನೂ, ನಾನು ಅದರ ಪಕ್ಕದಲ್ಲಿ ಹೊಟ್ಟೆ ತುಂಬ ಉಣ್ಣುತ್ತ ಕೂತಿರುವುದನ್ನೂ ಕಣ್ಣಿಗೆ ಕಟ್ಟುವಂತೆ ನೋಡಿದೆ.

ಆ ಸಂಜೆ ಅತ್ತೆ ಅಟ್ಟದ ಮೇಲೆ ಕೈಯಾಡಿಸಿ ಒಂದು ತಗಡಿನ ಡಬ್ಬಿ ಇಳಿಸಿದಳು. “ಇದೊಂದ ಉಳದೈತಿ ಯವ್ವಾ. ತೊಗರಿ, ಕೆಮ್ಮಣ್ಣ ಹಚ್ಚಿದ್ದು. ನಾಳಿ ಉಸುಳಿ ಮಾಡಿಬಿಡು.”

ನಮ್ಮ ಕಡೆ ಮನೆಗಿಟ್ಟುಕೊಳ್ಳುವ ತೊಗರಿಗೆ ಕೆಮ್ಮಣ್ಣು ಕಲಸಿ ಸವರಿ ಒಣಗಿಸುತ್ತೇವೆ, ಹುಳ ಬೀಳುವುದಿಲ್ಲ. ಕಾಳು ಕೆಂಪಾಗಿ ಕಾಣುತ್ತದೆ. ನೆನೆಹಾಕಿ ತೊಳೆದರೆ ಮಣ್ಣು ಬಿಟ್ಟುಹೋಗುತ್ತದೆ. ಡಬ್ಬಿಯಲ್ಲಿದ್ದ ಕಾಳೂ ಕೆಂಪಗಿದ್ದವು. ಒಂದು ಕಣ್ಣು ಊದಿ ಮುಚ್ಚಿತ್ತು, ಇನ್ನೊಂದರಲ್ಲಿ ಅಷ್ಟೇ ಕಂಡಿತು. ನೆನೆಹಾಕಿದೆ.

ಮರುದಿನ ಬೆಳಿಗ್ಗೆ ಕರೆಂಟು ಇರಲಿಲ್ಲ. ಮಬ್ಬಿನಲ್ಲೇ ಕಾಳು ತೊಳೆದೆ, ಮೂರು ನೀರು ಕೆಂಪಗೆ ಹೋಯಿತು. ಆ ನೀರನ್ನು ಚೆಲ್ಲಲಿಲ್ಲ, ಹಿತ್ತಲಲ್ಲಿ ಬಕೆಟ್ಟಿಗೆ ಹಾಕಿಟ್ಟೆ. ಎರಡು ತಾಸು ಬಿಟ್ಟರೆ ಕೆಮ್ಮಣ್ಣು ತಳಕ್ಕೆ ಕೂರುತ್ತದೆ, ತಿಳಿನೀರು ಬಸಿದು ಆ ಮಣ್ಣನ್ನು ತುಳಸಿ ಕಟ್ಟೆಗೆ ಸಾರಿಸುತ್ತೇವೆ. ಹಬ್ಬಕ್ಕೆ ಹೇಗೂ ಸಾರಿಸಬೇಕಿತ್ತು. ಕಾಳು ಬೇಯಿಸಿ, ಬೆಳ್ಳುಳ್ಳಿ ಜಜ್ಜಿ, ಒಣ ಮೆಣಸಿನಕಾಯಿ ಮುರಿದುಹಾಕಿ, ಒಣಕೊಬ್ಬರಿಯ ಕೊನೆಯ ತುಂಡನ್ನು ತುರಿದು ಉಸುಳಿ ಮಾಡಿದೆ. ವಾಸನೆ ಘಮ್ಮೆಂದಿತು. ರುಚಿ ನೋಡಲಿಲ್ಲ, ಬಾಯಿ ತೆರೆದರೆ ಹುಬ್ಬಿನ ಗಾಯ ಎಳೆಯುತ್ತಿತ್ತು.

ಮಧ್ಯಾಹ್ನ ಅವನು ಬಂದ. ಅತ್ತೆ ಮೆಲ್ಲಗೆ, “ನೀ ಮುಂದ ಬರಬ್ಯಾಡ, ನಾ ಬಡಸ್ತೇನಿ” ಅಂದಳು. ನಾನು ಹಿತ್ತಲಿಗೆ ಹೋಗಿ ಬಕೆಟ್ಟನ್ನು ಬಗ್ಗಿಸಿದೆ.

ತಿಳಿನೀರು ಇರಲಿಲ್ಲ. ಮೇಲಿನಿಂದ ತಳದವರೆಗೆ ನೀರೆಲ್ಲ ಒಂದೇ ಸಮ ಕೆಂಪು. ಕೈ ಹಾಕಿ ತಳ ತಡವಿದೆ, ಚೂರೂ ಮಣ್ಣಿಲ್ಲ. ಅರಿವೆ ಅದ್ದಿ ಕಟ್ಟೆಗೆ ಒಂದು ಎಳೆ ಎಳೆದೆ. ಕೆಮ್ಮಣ್ಣಿನ ಬಣ್ಣ ಬರಲಿಲ್ಲ, ಜಾತ್ರೆಯ ಮಿಠಾಯಿಯಂಥ ಗುಲಾಬಿ ಬಂತು. ನನ್ನ ಅಂಗೈ ನೋಡಿಕೊಂಡೆ, ಉಗುರ ಸಂದಿಯೆಲ್ಲ ಅದೇ ಗುಲಾಬಿ.

ತಲೆಯೆತ್ತಿದರೆ ಎದುರಿಗೆ ಬಚ್ಚಲಿನ ಕಿಂಡಿ. ಗಾಳಿ ಬರಬಾರದೆಂದು ಅತ್ತೆ ಅದಕ್ಕೆ ಒಂದು ಬೀಜದ ಚೀಲ ಕಟ್ಟಿದ್ದಳು. ಮುಂಗಾರಿನಲ್ಲಿ ನಮ್ಮ ತುಂಡು ಹೊಲಕ್ಕೆ ತೊಗರಿ ಬಿತ್ತಿದಾಗ ತಂದ ಚೀಲ. ಗಟ್ಟಿಮುಟ್ಟಾಗಿತ್ತು, ಕೆಡಿಸಲು ಮನಸ್ಸಾಗದೆ ಉಳಿದ ಬೀಜವನ್ನು ತಗಡಿನ ಡಬ್ಬಿಗೆ ಸುರಿದು ಚೀಲವನ್ನು ಕಿಂಡಿಗೆ ಹೊಂದಿಸಿದ್ದಳು. ಓದು ಬರದವಳು, ಕಣ್ಣು ಮಂಜಾದವಳು. ಓದು ಬರುವ ನಾನು ಮೂರು ತಿಂಗಳಿಂದ ದಿನವೂ ಅದರ ಮುಂದೆ ಸ್ನಾನ ಮಾಡಿದ್ದೆ. ತಲೆಬುರುಡೆಯ ಚಿತ್ರದ ಕೆಳಗೆ, ಬೀಜಕ್ಕೆ ವಿಷ ಸವರಿದೆ, ತಿನ್ನಬಾರದು ಎಂದು ಕನ್ನಡದಲ್ಲೇ ಬರೆದಿತ್ತು.

ನಾನು ಓಡಲಿಲ್ಲ. ಇದನ್ನು ಹೇಳಲೆಂದೇ ಇಷ್ಟು ಬರೆದದ್ದು. ಓಡಿಹೋಗಿ ಕೂಗಿದೆ ಎಂದು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಆದರೆ ನಾನು ನಡೆದುಹೋಗಿ ಹಿತ್ತಲ ಬಾಗಿಲಲ್ಲಿ ನಿಂತೆ. ಚೌಕಟ್ಟಿಗೆ ಹೆಗಲು ಕೊಟ್ಟು ನಿಂತು ನೋಡಿದೆ.

ಅವನು ಗೋಡೆಗೆ ಒರಗಿ ಕೂತಿದ್ದ. ಗಂಗಾಳದಲ್ಲಿ ಎರಡು ರೊಟ್ಟಿ, ಮಧ್ಯೆ ಉಸುಳಿಯ ಗುಡ್ಡೆ. ಮೊದಲು ಉಳ್ಳಾಗಡ್ಡಿಯನ್ನು ನೆಲಕ್ಕಿಟ್ಟು ಮುಷ್ಟಿಯಿಂದ ಗುದ್ದಿ ಒಡೆದ. ಆ ಮುಷ್ಟಿಯನ್ನು ನೋಡಿದೆ. ಮಜ್ಜಿಗೆ ಕುಡಿದ. ರೊಟ್ಟಿ ಮುರಿದು ಉಸುಳಿ ತುಂಬಿಕೊಂಡು ಎತ್ತಿದ. ತಿನಬ್ಯಾಡ್ರಿ, ಎಂದು ಒಂದು ಮಾತು ಅಂದರೆ ಮುಗಿಯುತ್ತಿತ್ತು. ಅದು ನಾಲಿಗೆಯ ಮೇಲೆಯೇ ಇತ್ತು, ನಾನು ಹಲ್ಲು ಬಿಗಿದು ಅದನ್ನು ಹೊರಬಿಡಲಿಲ್ಲ. ತಿನ್ನು, ಎಂದು ಮನಸ್ಸಿನಲ್ಲಿ ಅಂದೆ. ಡಬ್ಬಿ ತಳದ್ದು ತಿನ್ನು. ಆರು ವರ್ಷದಲ್ಲಿ ಆ ಮನೆಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಎಂದೂ ನಿಂತಿರಲಿಲ್ಲ.

ಆ ಹೊತ್ತಿಗೆ ಅವನ ಫೋನ್ ಬಡಿದುಕೊಂಡಿತು. ತುತ್ತು ಬಾಯಿಗೆ ಗೇಣು ದೂರದಲ್ಲಿತ್ತು. ಎಡಗೈಯಲ್ಲಿ ಫೋನ್ ಹಿಡಿದು ಯಾವನೊಂದಿಗೋ ಜಗಳಕ್ಕೆ ಬಿದ್ದ. ತುತ್ತು ಹಿಡಿದ ಕೈ ಗಾಳಿಯಲ್ಲೇ ಆಡುತ್ತಿತ್ತು. ಇವನ ಮಾತು ಎಂದಿಗೆ ಮುಗಿಯುತ್ತದೋ ಎಂದು ನಾನು ಕಾಯುತ್ತ ನಿಂತೆ. ಹೌದು, ಕಾದೆ.

ಮಗ ಉಣ್ಣುವ ಮೊದಲು ಅತ್ತೆ ಎಂದೂ ಉಂಡವಳಲ್ಲ. ಅಂದು ಮಾತ್ರ ಆಕೆ ಒಲೆಯ ಬಳಿ ಕುಸಿದಂತೆ ಕೂತಳು. “ಕೈ ನಡಗಾಕತ್ತಾವು. ಒಂಚೂರು ಬಾಯಾಗ ಹಾಕ್ಕೋತೇನಿ” ಎಂದು ತನಗೆ ತಾನೇ ಹೇಳಿಕೊಂಡು, ಸೌಟಿನಿಂದ ಉಸುಳಿಯನ್ನು ಅಂಗೈಗೆ ಸುರಿದುಕೊಂಡಳು. ಅಂಗೈ ಬಾಯಿಯ ಹತ್ತಿರ ಹೋಯಿತು.

ನನ್ನ ಕಾಲಿಗೆ ಆಗ ಜೀವ ಬಂತು. ಜಿಗಿದು ಆಕೆಯ ಕೈಗೆ ರಪ್ಪೆಂದು ಹೊಡೆದೆ. ಮುದುಕಿ ಒಲೆಯ ಕಟ್ಟೆಗೆ ಬಿದ್ದಳು, ಕಾಳು ಚೆಲ್ಲಾಪಿಲ್ಲಿಯಾದವು. ಅಲ್ಲಿಂದ ತಿರುಗಿ ಅವನ ಗಂಗಾಳಕ್ಕೆ ಒದ್ದೆ. ಅದು ಗೋಡೆಗೆ ಬಡಿದು ಗಿರಗಿರ ತಿರುಗಿತು.

“ನನ್ನ ಗಂಗಾಳ ಒದಿತಿ? ನಮ್ಮವ್ವಗ ಹೊಡಿತಿ?” ಎಂದು ಅವನು ಕೈಯಲ್ಲಿದ್ದ ತುತ್ತನ್ನು ಬಿಸಾಕಿ ಎದ್ದ. ನಾನು “ವಿಷ ಐತ್ರಿ, ಬೀಜದ ತೊಗರಿ ಅದು, ಮುಟ್ಟಬ್ಯಾಡ್ರಿ” ಎಂದು ಕಿರಿಚಿದ್ದು ಅವನ ಕಿವಿಗೆ ಬೀಳಲಿಲ್ಲ. ನೀರಿನ ತಂಬಿಗೆ ಎತ್ತಿ ಬೀಸಿದ. ತಲೆಗೆ ಅಡ್ಡ ಹಿಡಿದ ನನ್ನ ಬಲಗೈಗೆ ಬಿತ್ತು, ಮಣಿಕಟ್ಟು ಲಟಕ್ಕೆಂದ ಸದ್ದು ನನಗೇ ಕೇಳಿಸಿತು. ಕೂದಲು ಹಿಡಿದು ಬಾಗಿಲಿಗೆ ಬಡಿದ, ಹುಬ್ಬಿನ ಹೊಲಿಗೆ ಇಲ್ಲದ ಗಾಯ ಮತ್ತೆ ಬಾಯಿಬಿಟ್ಟಿತು. ನಾನು ಅವನ ಕೈ ಕಚ್ಚಿದೆ. ರಕ್ತ ಬರುವವರೆಗೆ ಬಿಡಲಿಲ್ಲ. ಅತ್ತೆ ಅಂಬೆಗಾಲಿನಲ್ಲಿ ಬಂದು ನಮ್ಮಿಬ್ಬರ ಮಧ್ಯೆ ಬಿದ್ದು, ನನ್ನ ಎಡ ಅಂಗೈಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಗುಲಾಬಿ ಬಣ್ಣವನ್ನು ಹೆಬ್ಬೆರಳಿನಿಂದ ಉಜ್ಜಿದಳು, ಹೋಗಲಿಲ್ಲ.

“ಬಿಡೋ ಖೋಡಿ! ಇದು ಮಣ್ಣಲ್ಲೋ, ಔಷಧಾ. ನಾನ ತಪ್ಪ ಡಬ್ಬಿ ಇಳಿಸೇನಿ. ನಿನ್ನ ಜೀವಾ ಉಳಿಸ್ಯಾಳೋ ಆಕಿ” ಎಂದು ಕೂಗಿದಳು.

ಅವನು ನೆಲದ ಮೇಲಿನ ಕಾಳುಗಳನ್ನು ನೋಡಿದ, ತನ್ನ ಬೆರಳುಗಳನ್ನು ನೋಡಿಕೊಂಡ. ಹಿತ್ತಲಿಗೆ ಓಡಿ ಸೋಪು ಹಚ್ಚಿ ಕೈ ತೊಳೆದ. ಮತ್ತೆ ಮತ್ತೆ ತೊಳೆದ. ಆಮೇಲೆ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಇಂಡಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಕೈಗೆ ಪ್ಲಾಸ್ಟರು, ಹುಬ್ಬಿಗೆ ಐದು ಹೊಲಿಗೆ. ಬಿದ್ದೆ ಎಂದು ಡಾಕ್ಟರಿಗೆ ನಾನೇ ಹೇಳಿದೆ. ಅವನ ಕೈಯಲ್ಲಿದ್ದ ನನ್ನ ಹಲ್ಲಿನ ಗುರುತನ್ನು ಡಾಕ್ಟರು ಒಮ್ಮೆ ನೋಡಿದರು, ಏನೂ ಕೇಳಲಿಲ್ಲ. ಅವನು ತಿಂದಿದ್ದರೆ ಸಾಯುತ್ತಿದ್ದನೋ, ವಾಂತಿ ಮಾಡಿಕೊಂಡು ಬದುಕುತ್ತಿದ್ದನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಸುದ್ದಿ ಓಣಿಗೆಲ್ಲ ಹಬ್ಬಿತು. ಹಬ್ಬಕ್ಕೆ ಹೆಂಗಸರು ಬಂದು ನನಗೆ ಉಡಿ ತುಂಬಿದರು. ಗಂಡ ಅಷ್ಟು ಹೊಡೆದರೂ ಗಂಡನ ಪ್ರಾಣ ಉಳಿಸಿದಳಲ್ಲ ಎಂದು ಒಬ್ಬಾಕೆ ಕಣ್ಣೀರು ಹಾಕಿದಳು. ತವರಿನಿಂದ ಅವ್ವ ಬಂದು ತಲೆ ಸವರಿದಳು. ನಾನು ಪ್ಲಾಸ್ಟರಿನ ಕೈ ತೊಡೆಯ ಮೇಲಿಟ್ಟುಕೊಂಡು ದೇವಿಯ ಹಾಗೆ ಕೂತಿದ್ದೆ. ಒಳಗೆ ನನಗೆ ಹೇಸಿಗೆಯೂ ನಗುವೂ ಕೂಡಿ ಬರುತ್ತಿದ್ದವು. ಗಂಡ ಮಾತ್ರ ತಣ್ಣಗಾದ. ನಾನು ಮಾಡಿ ಹಾಕಿದ್ದನ್ನು ತಲೆ ತಗ್ಗಿಸಿ ಉಂಡು ಹೋಗುತ್ತಿದ್ದ. ಹೆಂಡತಿಗೆ ತನ್ನ ಮೇಲೆ ಅಷ್ಟು ಜೀವ ಎಂದು ನಂಬಿದ್ದ.

ಒಂದು ದಿನ ಜೋಳ ಹಸನು ಮಾಡುತ್ತ ಕೂತಿದ್ದಾಗ ಅತ್ತೆ ತಲೆಯೆತ್ತದೆ ಅಂದಳು: “ನನ್ನ ಕಣ್ಣ ಮಂಜ ಆಗ್ಯಾವು ಖರೆ. ಆದ್ರ ಬಾಗಿಲಕ್ಕ ಯಾರರೆ ಅಡ್ಡ ನಿಂತ್ರ ಬೆಳಕ ಕಮ್ಮಿ ಆಗೂದು ಗೊತ್ತಾಗ್ತೈತಿ. ಅವತ್ತ ನೀ ಭಾಳೊತ್ತು ನಿಂತಿದ್ದಿ ಯವ್ವಾ.”

ನನ್ನ ಕೈ ಮೊರದಲ್ಲೇ ನಿಂತಿತು. ಆಕೆ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. ಮಗ ಬಂದಾಗ “ನನ್ನ ಸೊಸಿಯಿಂದ ನೀ ಉಳದಿ, ನೆನಪಿಡು” ಎಂದು ಎಂದಿನಂತೆ ಅಂದಳು. ನಾನು ಆಕೆಯ ಮುಖ ನೋಡಲಾಗದೆ ಒಳಗೆ ಹೋದೆ. ಆಕೆಯಷ್ಟು ನನ್ನನ್ನು ಯಾರೂ ಕಾಯಲಿಲ್ಲ, ನನ್ನ ಹೆತ್ತವ್ವನೂ.

ಎರಡು ವರ್ಷಕ್ಕೆ ಸಕ್ಕರೆ ಕಾಯಿಲೆ ಆಕೆಯ ಕಾಲು ತಿಂದಿತು, ಆಮೇಲೆ ಆಕೆಯನ್ನೂ. ನಾನು ಎದೆ ಬಡಿದುಕೊಂಡು ಅತ್ತುಬಿಟ್ಟೆ. ಆಕೆ ಹೋಗಿ ಎರಡು ತಿಂಗಳಾಗಿರಲಿಲ್ಲ, ಒಂದು ಮಧ್ಯಾಹ್ನ ಗಂಡನಿಗೆ ಮತ್ತೆ ಹಳೆಯ ರೋಗ ಕೆರಳಿತು. ಹಿಂದಿನ ದಿನದ ಅನ್ನಕ್ಕೆ ಕಡಲೆಹಿಟ್ಟು ಬೆರೆಸಿ ಹಂಚಿನ ಮೇಲೆ ತಟ್ಟಿ ಕೊಟ್ಟಿದ್ದೆ. “ತಂಗಳದ್ದು ಹಾಕ್ತಿ?” ಎಂದು ಗಂಗಾಳ ಎತ್ತಿ ನಿಂತ. ಈ ಸಲ ನಾನು ಎಡಕ್ಕೂ ಬಾಗಲಿಲ್ಲ, ಬಲಕ್ಕೂ ಬಾಗಲಿಲ್ಲ.

“ಹೊಡಿರಿ. ಹೊಡಿಯೂ ಮೊದಲ ಒಂದ ಮಾತ ಕೇಳ್ರಿ. ಅವತ್ತ ತೊಗರ್ಯಾಗ ವಿಷ ಐತಿ ಅಂತ ನೀವು ರೊಟ್ಟಿ ಮುರಿಯೂಕಿಂತ ಮೊದಲ ನನಗ ಗೊತ್ತಾಗಿತ್ತು. ನೀವು ತಿನ್ಲಿ ಅಂತ ಬಾಗಲದಾಗ ನಿಂತಿದ್ದೆ. ನಿಮ್ಮವ್ವ ಬಾಯಿಗೆ ಹಾಕ್ಕೊಳ್ಳಾಕ ಹೋದ್ಲು, ಅದಕ್ಕ ಒದ್ದೆ. ನಿಮ್ಮ ಸಲುವಾಗಿ ಅಲ್ಲ. ಈಗ ನಿಮ್ಮವ್ವ ಇಲ್ಲ.”

ಅವನ ಕೈ ಮೇಲೆಯೇ ಇತ್ತು. ಗಂಗಾಳದಿಂದ ಚಟ್ನಿ ಅವನ ಅಂಗಿಯ ತೋಳಿಗೆ ಸುರಿಯಿತು. “ಸುಳ್ಳ” ಅಂದ. “ಖರೇನ್ರಿ” ಅಂದೆ. ಅವನು ನನ್ನ ಮುಖವನ್ನು, ಬಹುಶಃ ಮದುವೆಯಾದ ಮೇಲೆ ಮೊದಲ ಸಲ, ಸರಿಯಾಗಿ ನೋಡಿದ. ಅಲ್ಲಿ ಅವನಿಗೆ ಏನು ಕಂಡಿತೋ, ಗಂಗಾಳವನ್ನು ಸದ್ದಾಗದಂತೆ ನೆಲಕ್ಕಿಟ್ಟು ಕೂತ. ಆಮೇಲೆ ಅದನ್ನು ನನ್ನ ಕಡೆ ತಳ್ಳಿದ.

“ಮೊದಲ ನೀ ತಿನ್ನು.”

ಅಂದಿನಿಂದ ನಮ್ಮ ಮನೆಯಲ್ಲಿ ಹೀಗೇ ನಡೆದಿದೆ. ಅವನ ಕೈ ಮತ್ತೆ ಎದ್ದಿಲ್ಲ. ಅಡುಗೆ ಯಾವುದೇ ಇರಲಿ, ಅವನು ಗೋಡೆಗೆ ಒರಗಿ ಕೂರುತ್ತಾನೆ, ನಾನು ಅವನೆದುರು ಕೂತು ಉಣ್ಣುತ್ತೇನೆ. ಒಂದು ತುತ್ತು ತಿಂದರೆ ಅವನಿಗೆ ಸಾಕು. ನಾನು ಹೊಟ್ಟೆ ತುಂಬುವವರೆಗೆ ತಿನ್ನುತ್ತೇನೆ. ಅವನು ಕಾಯುತ್ತಾನೆ.